ಕೆಂಪರಾಜುನ ಹಿಡಿಯೋ ಬಗೆ

ವೆಂಕಿ, ನಾನು ಕೆಲಮಂಗಲದ ಸಂತೆಗೆ ಹೋಗ್ತಿದೀನಿ.

ಆ ಕೆಂಪು ಮೀನು ಮಿಕ್ಕ ಮೀನುಗಳ ಬಾಲ ಎಲ್ಲ ಕಚ್ಚಾಕೈತೆ, ಇವತ್ತು ಅದನ್ನ ಹಿಡಿದು ಬಕೆಟ್ಟಿಗೆ ಬಿಡು ಕಣ್ಲಾ. ಬಲೆ ಕಂಡ್ರೆ ಕಲ್ಲಿನ ಸಂದಿಗೆ ನುಗ್ತೈತೆ. ಅಗಲ ಬಾಯಿನ ಬಾಟ್ಲಲ್ಲಿ ತಿಂಡಿ ಹಾಕಿ ತೊಟ್ಟಿಯೊಳಗೆ ಮಲಗ್ಸು. ಹೊಟ್ಟೆಬಾಕ, ತಾನಾಗೇ ಒಳಕ್ಕೆ ಬತ್ತೈತೆ.

ನೆನ್ನೆ ಮಾಡ್ದಂಗೆ ದೇವ್ರ ಚೊಂಬು ಮುಳುಗ್ಸಿದ್ರೆ ಸುಮ್ಕಿರಲ್ಲ.

ಕೆಂಪಗೈತೆ ಅಂತ ಅದಕ್ಕೆ ಕೆಂಪರಾಜು ಅಂತ ಹೆಸರಿಟ್ಟೋನು ನೀನೇ. ಮಧ್ಯಾಹ್ನ ಊಟಕ್ಕೆ ನಿಮ್ಮಕ್ಕನ ಜೊತೆ ಅಳಿಯಂದ್ರು ಬತ್ತಾವ್ರೆ. ಮರೆತಿದ್ರೆ ಹೇಳ್ತೀನಿ, ಅವರ ಹೆಸರೂ ಅದೇ. ಅವರೆದುರಿಗೆ ‘ಲೇ ಕೆಂಪರಾಜು, ಎಷ್ಟು ತಿಂತೀಯಲಾ, ಆಚೆ ಬಾ’ ಅಂತ ಕೂಗ್ಬೇಡ.

ಅವರು ಬರೋದ್ರೊಳಗೆ ಮೀನು ಸಿಕ್ಕಲಿಲ್ಲ ಅಂದ್ರೆ, ಬಹುವಚನದಲ್ಲೇ ಬಯ್ಕೊ.

ಅಮ್ಮ