ತಾಯಿಗೆ ಬಂದ ದಶಾಂಶ

ಜೆರುಸಲೇಮ್

ಯೆಕುಟಿಯೇಲ್ ಅಣ್ಣಾ,

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸು. ನಿನ್ನನ್ನು ಓದಿಸಲು ನನ್ನನ್ನು ನಾಲ್ಕನೇ ತರಗತಿಗೇ ಬಿಡಿಸಿ ಹೊಲಿಗೆಗೆ ಕೂರಿಸಿದ್ದು ನಿನಗೆ ಗೊತ್ತು. ಹೇಗೂ ಇದನ್ನು ನೀನಿರುವ ಆಂಟ್‌ವರ್ಪಿಗೆ ಕಳಿಸುವುದಿಲ್ಲ.

ನಿನ್ನೆ ದಾನದ ಹಣ ಹಂಚುವ ರೆಬ್ ಫಿಶೆಲ್ ಬಂದು ಲಕೋಟೆ ಚಾಚಿದರು. "ನಿಮ್ಮ ಮಗ ವಜ್ರದ ವ್ಯಾಪಾರದಲ್ಲಿ ಚೆನ್ನಾಗಿ ದುಡಿದಿದ್ದಾನಮ್ಮ. ಈ ವರ್ಷದ ದಶಾಂಶ ನಿಮಗೇ ಕೊಡಬೇಕಂತೆ."

ಅಮ್ಮ ಕೈ ಒರೆಸಿಕೊಂಡಳು, ಲಕೋಟೆ ಮುಟ್ಟಲಿಲ್ಲ. "ಬಡವರಿಗೆ ಅಂತ ತೆಗೆದಿಡೋ ಹತ್ತನೇ ಪಾಲಾ? ಉಳಿದ ಒಂಬತ್ತು ಪಾಲಲ್ಲಿ ಅಮ್ಮನಿಗೆ ಏನೂ ಇಲ್ವಂತಾ?"

"ದುಡ್ಡು ದುಡ್ಡೇ ಅಲ್ವೇನಮ್ಮಾ?"

"ಕೈಲಾಗೋ ಮಗ ಹೆತ್ತ ತಾಯಿನ ದಾನದ ದುಡ್ಡಲ್ಲಿ ಸಾಕಿದ್ರೆ ಅವನಿಗೆ ಶಾಪ ತಟ್ಟುತ್ತೆ ಅಂತ ನಮ್ಮ ಶಾಸ್ತ್ರ ಹೇಳೋದು ನಿಮಗೇ ಗೊತ್ತಲ್ಲ, ರೆಬ್ ಫಿಶೆಲ್. ತಗೊಂಡ್ಹೋಗಿ ಎದುರುಮನೆ ಬ್ಲೂಮೆಗೆ ಕೊಡಿ. ಪಾಪ, ಅವಳಿಗೆ ಮಕ್ಕಳಿಲ್ಲ."

ಅವರು ತಲೆ ತಗ್ಗಿಸಿ ಹೋದರು. ಅಮ್ಮನ ಕಣ್ಣಿನ ಆಪರೇಷನ್‌ಗೆ ಆ ಹಣ ಸಾಕಾಗುತ್ತಿತ್ತು. ಮಗನ ದುಡ್ಡೆಂದು ಕಳಿಸಿದ್ದರೆ ತೆಗೆದುಕೊಳ್ಳುತ್ತಿದ್ದಳು.

ಈ ಬೆಳಿಗ್ಗೆ ಅಮ್ಮ ಉಪ್ಪಿನಕಾಯಿ ಮಾರಿ ಬಂದ ಹಣದಲ್ಲಿ ತನ್ನ ಹತ್ತನೇ ಪಾಲನ್ನು ತೆಗೆದು, ದಾನದ ಡಬ್ಬಿಯ ಬಾಯನ್ನು ಬೆರಳಿನಿಂದ ತಡವಿ ಹಾಕಿದಳು. "ನನ್ನ ಯೆಕುಟಿಯೇಲ್ ಚೆನ್ನಾಗಿರಲಿ" ಎಂದಳು.

ಪಕ್ಕದಲ್ಲೇ ನಿಂತಿದ್ದ ನಾನು ಆಮೆನ್ ಅನ್ನಲಿಲ್ಲ.

ಜಿಸ್ಸೆಲ್