ಗಾಳಿಗೆ ಬೆನ್ನು ಕೊಟ್ಟು

ಮಮದಾಪುರ ಹೊಲದ ಗುಡಿಸಲು
ಕಾರ್ತಿಕ, ೧೯೧೮

ಪ್ರೀತಿಯ ಕಾಶೆವ್ವ,

ಕಾಗದವನ್ನು ಬಿಸಿಲಿಗೆ ಕಾಯಿಸಿ ಓದು. ಇನ್‌ಫ್ಲುಯೆಂಜಾ ನನಗೆ ಊರು ಬಿಡಿಸಿತು, ಪಾಠ ಹೇಳುವುದನ್ನು ಬಿಡಿಸಲಿಲ್ಲ.

ನಿನ್ನೆ ರೊಟ್ಟಿ ತಂದ ನೀನು ಬಾಗಿಲೊಳಗೇ ಕಾಲಿಟ್ಟೆ. "ಹಣಿ ಮುಟ್ಟಿ ನೋಡೇ ಹೋಗಾಕಿ ನಾ. ನಿಮ್ಮ ಸಾಲಿ ಪಾಠ ಸಾಕ್ ಮಾಡ್ರಿ" ಎಂದೆ. ನಾನು ಗದರಿಸಿ ಕಳಿಸಿದೆ. ಇನ್ನೊಂದೇ ಪಾಠ ಉಳಿದಿದೆ, ಅದೂ ನಿನ್ನ ಕಣದ್ದೇ.

ಜೋಳ ತೂರಿದಾಗ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಹಾರುತ್ತದೆ. ಕೆಮ್ಮೂ ಹಾಗೆಯೇ. ದೊಡ್ಡ ಹನಿ ಹತ್ತಿರವೇ ಬೀಳುತ್ತದೆ, ಸಣ್ಣದು ಗಾಳಿಯಲ್ಲಿ ತೇಲುತ್ತದೆ. ಮೂಗಿನ ಕೂದಲು ಜರಡಿಯಂತೆ ಒಂದಿಷ್ಟನ್ನು ತಡೆಯುತ್ತದೆ. ಜರಡಿಗೂ ಸಿಗದ ಧೂಳಿನಂಥ ಹನಿ ಗಂಟಲಿಳಿದು, ಬೇವಿನ ಕೊಂಬೆಯಂತೆ ಕವಲೊಡೆದ ಉಸಿರಿನ ಕೊಳವೆಗಳನ್ನು ಹಿಡಿದು ಪುಪ್ಪುಸದ ತುದಿ ಮುಟ್ಟುತ್ತದೆ. ನಿನ್ನ ಉಸಿರು ನಿನ್ನೊಬ್ಬಳದಲ್ಲ, ಇನ್ನೂ ಮೊಲೆ ಬಿಡದ ನಮ್ಮ ಕೂಸು ಲಕ್ಕವ್ವ ನಿನ್ನ ಎದೆಗೇ ಅಂಟಿರುತ್ತಾಳೆ.

ಆದ್ದರಿಂದ ನಾಳೆ ಬೇಲಿಯ ಕಲ್ಲಿನ ಮೇಲೆ ರೊಟ್ಟಿ ಇಟ್ಟು, ಜೋಳ ತೂರುವಾಗಿನಂತೆ ಮೂಡಗಾಳಿಗೆ ಬೆನ್ನು ಕೊಟ್ಟು, ದೂರ ನಿಲ್ಲು. ಆಗ ನನ್ನ ಕೆಮ್ಮು ನಿನ್ನತ್ತ ಬಾರದು, ನಿನ್ನ ಮಾತು ಮಾತ್ರ ನನ್ನತ್ತ ಬರುತ್ತದೆ. ಸಿಟ್ಟು ಬಿಡದಿದ್ದರೂ ಸರಿ, ಬೈಯುವುದಾದರೆ ಜೋರಾಗಿ ಬೈ. ಇಲ್ಲಿ ಮಾತಾಡುವವರು ಯಾರೂ ಇಲ್ಲ.

ಜ್ವರ ಇಳಿದ ಮೇಲೆ ಹಣೆ ಮುಟ್ಟಿ ನೋಡುವಿಯಂತೆ. ಆಗ ಅದು ತಣ್ಣಗಿದ್ದರೂ ಬೇಗ ಕೈ ತೆಗೆಯಬೇಡ.

ನಿನ್ನ,
ಶಿದ್ರಾಮ ಮಾಸ್ತರ