ಧಾರಾವಾಹಿಯಲ್ಲಿ ಸತ್ತ ಮಕ್ಕಳಿಗೆ ನಾನು ಹೊಣೆಯಲ್ಲ

ನಮ್ಮ ಶಾಲೆಯ ಬಿಸಿಯೂಟದ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಯಾರಿಗೂ ವಿಷ ಹಾಕಿಲ್ಲ. ಒಂದು ಬಹಿರಂಗ ಪತ್ರವನ್ನು ಈ ಮಾತಿನಿಂದ ಶುರು ಮಾಡಬೇಕಾದ ಸ್ಥಿತಿಗೆ ನನ್ನನ್ನು ತಂದದ್ದಕ್ಕೆ ಮೊದಲು ನಿಮಗೆ ಅಭಿನಂದನೆ ಸಲ್ಲಿಸುತ್ತೇನೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂದು ಮಗುವೂ ಸತ್ತಿಲ್ಲ, ಒಂದು ಮಗುವಿಗೂ ಹೊಟ್ಟೆ ಕೆಟ್ಟಿಲ್ಲ. ಸತ್ತದ್ದೇನಿದ್ದರೂ ಒಂದು ಟೀವಿ ವಾಹಿನಿಯ ಅಪರಾಧ ಧಾರಾವಾಹಿಯ ಒಂದು ಕಂತಿನಲ್ಲಿ. ಕೊಂದವಳು ಅಡುಗೆಯವಳ ಪಾತ್ರ ಮಾಡಲು ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ನಟಿ. ಆಕೆ ಮಕ್ಕಳನ್ನು ಕೊಂದು, ಸಂಭಾವನೆ ಎಣಿಸಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಹೊರಟುಹೋದಳು. ಕೆಲಸ ಕಳೆದುಕೊಂಡವಳು ನಾನು. ನಿಮ್ಮ ಆದೇಶದಲ್ಲಿರುವ ಕಾರಣವನ್ನು ಓದುಗರಿಗಾಗಿ ಇದ್ದಂತೆಯೇ ಇಳಿಸುತ್ತೇನೆ: “ಸದರಿ ಕಂತಿನ ಬಗ್ಗೆ ಪಾಲಕರಲ್ಲಿ ಮಿಶ್ರ ಅಭಿಪ್ರಾಯ ವ್ಯಕ್ತವಾಗಿರುವ ಹಿನ್ನೆಲೆಯಲ್ಲಿ, ಮುಖ್ಯ ಅಡುಗೆಯವರನ್ನು ಮುಂದಿನ ಸೂಚನೆಯವರೆಗೆ ಕರ್ತವ್ಯದಿಂದ ದೂರವಿಡಲಾಗಿದೆ.”

ಧಾರಾವಾಹಿ ಚೆನ್ನಾಗಿಲ್ಲವೆಂದು ನಟಿಯನ್ನು ಬದಲಿಸಿದ್ದನ್ನು ಕೇಳಿದ್ದೇನೆ. ಧಾರಾವಾಹಿ ಅರ್ಧ ಚೆನ್ನಾಗಿದೆ, ಅರ್ಧ ಚೆನ್ನಾಗಿಲ್ಲ ಎಂದು ನೋಡುಗರು ಅಂದದ್ದಕ್ಕೆ ಶಾಲೆಯ ಅಡುಗೆಯವಳನ್ನು ಬದಲಿಸಿದ್ದು ಇದೇ ಮೊದಲಿರಬೇಕು. ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮುಗಿಸಿ ಸಾರು ಕುದಿಸುತ್ತಿರುವವಳು ನಾನು. ಹಾಗಾಗಿ ನಿಮ್ಮ ಆದೇಶ ನನಗೆ ಅರ್ಥವಾಗಲಿಲ್ಲ ಎಂಬ ನೆಪ ನಿಮಗೆ ಸಿಗದು.

ನಮ್ಮ ಶಾಲೆಯಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೊಟ್ಟವರು ನೀವೇ. ಶಾಲೆಯ ಹೆಸರು ರಾಜ್ಯಕ್ಕೆಲ್ಲ ತಿಳಿಯುತ್ತದೆ ಎಂದಿರಿ. ತಿಳಿಯಿತು. ನನ್ನ ಒಲೆ, ನನ್ನ ಪಾತ್ರೆ, ನನ್ನ ಏಪ್ರನ್, ನನ್ನ ಟೊಪ್ಪಿಗೆ ಎಲ್ಲವನ್ನೂ ಆ ನಟಿಗೆ ಕೊಡಿಸಿದಿರಿ. ಸೌಟು ಹಿಡಿಯಲು ಬಾರದ ಆಕೆಗೆ ಸಾರು ತಿರುವುವುದನ್ನು ಕಲಿಸಿದವಳು ನಾನು. ನಮ್ಮ ಮಕ್ಕಳಿಗೆ ಕೆಮ್ಮುತ್ತಾ ಬೀಳುವುದನ್ನು ಕಲಿಸಿದವಳೂ ನಾನೇ. ಆ ದಿನ ನಾವೆಲ್ಲ ಎಷ್ಟು ನಕ್ಕಿದ್ದೆವು! ಬಿದ್ದ ಮಕ್ಕಳಿಗೆ ಬಿಸ್ಕೀಟು, ಚಂದವಾಗಿ ಬಿದ್ದವರಿಗೆ ಎರಡು ಬಿಸ್ಕೀಟು. ಕೊನೆಗೆ ನಿರ್ದೇಶಕರು ನಿಮಗೂ ಒಂದು ಪಾತ್ರ ಕೊಟ್ಟರು. ಪಾತ್ರವೇನು? ನೀವೇ. ದಕ್ಷ ಅಧಿಕಾರಿ. ಜೀಪಿನಿಂದ ಧುಮುಕಿ, ಪಡಸಾಲೆಗೆ ಓಡಿ ಬಂದು, “ಯಾರೂ ಉಣಬ್ಯಾಡ್ರೋ! ಸಾರಿನ್ಯಾಗ ವಿಷ ಐತಿ!” ಎಂದು ಕೂಗಬೇಕು. ಕ್ಯಾಮೆರಾ ನೋಡಬೇಡಿ ಎಂದು ನಿರ್ದೇಶಕರು ಅಂಗಲಾಚುತ್ತಿದ್ದರು. ನೀವು ಪ್ರತಿ ಸಲ ಕ್ಯಾಮೆರಾ ನೋಡಿಯೇ ಕೂಗಿದಿರಿ. ಊರಿನ ಮಿಶ್ರ ಅಭಿಪ್ರಾಯದಲ್ಲಿ ಮಿಶ್ರವಿಲ್ಲದ ಒಂದೇ ಸಂಗತಿ ನಿಮ್ಮ ನಟನೆ. ಅದನ್ನು ಹೊಗಳಿದವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಭಾನುವಾರ ಸಂಜೆ ಕಂತು ಬಂತು. ಸೋಮವಾರ ಮಕ್ಕಳು ತಾಟು ಹಿಡಿದು ಸಾಲಾಗಿ ಕುಳಿತರು, ಬಡಿಸಿಕೊಂಡರು, ಮುಟ್ಟಲಿಲ್ಲ. ಮನೆಯಲ್ಲಿ ಹೇಳಿ ಕಳಿಸಿದ್ದರು. ಹಸಿದ ಮಕ್ಕಳು ಅನ್ನದ ಮುಂದೆ ಕೈ ಕಟ್ಟಿ ಕುಳಿತಿದ್ದರು. ಅವರ ಎದುರೇ ಸಾರನ್ನು ಲೋಟಕ್ಕೆ ಹಾಕಿಕೊಂಡು ಕುಡಿದು ತೋರಿಸಿದೆ. ನನಗೇನಾಗುತ್ತದೆಂದು ಅವರು ಕಣ್ಣು ಬಿಟ್ಟು ಕಾದರು. ಏನೂ ಆಗದಿದ್ದಾಗ ಕೆಲವರಿಗೆ ನಿರಾಸೆಯಾದಂತೆ ಕಂಡಿತು. ಅಂದಿನ ಅಡುಗೆಯನ್ನೆಲ್ಲ ಎಮ್ಮೆಗಳಿಗೆ ಹಾಕಿದೆವು. ಎಮ್ಮೆಗಳು ಧಾರಾವಾಹಿ ನೋಡುವುದಿಲ್ಲ.

ಮಲ್ಲಕ್ಕ ನನ್ನ ನೆರೆಯವಳು, ನಮ್ಮ ಕೇರಿಯವಳೇ. ಅವಳ ಮಗನೇ ಎಲ್ಲರಿಗಿಂತ ಚಂದವಾಗಿ ಸತ್ತವನು. ಅವಳ ಬಾಗಿಲಿಗೆ ಹೋಗಿ, “ಮಲ್ಲಕ್ಕ, ಅದು ನಾಟಕ ಬೇ. ನಿನ್ನ ಮಗಗ ಕಾಲು ಝಾಡಿಸೂದು ನಾನ ಕಲಿಸೇನಿ” ಎಂದೆ.

“ನಾಟಕ ಅಂತ ನನಗೂ ಗೊತ್ತೈತೆವಾ. ನಾ ಏನ್ ಹುಚ್ಚಿ ಏನು? ಆದರ ಸಾಹೇಬ್ರು ನಾಟಕದವರ ಅಲ್ಲಲ್ಲ? ಸರಕಾರದ ಮನಷ್ಯಾ, ನಮ್ಮ ಸಾಲಿ ಪಡಸಾಲ್ಯಾಗ ನಿಂತು, ಉಣಬ್ಯಾಡ್ರೋ ಅಂತ ಒದರ್ಯಾರ. ಸುಮ್‌ಸುಮ್ನ ಒದರ್ತಾರೇನು?”

ಮಾನ್ಯರೇ, ನಟಿ ನಟಿಯೆಂದು ಊರಿಗೆ ಗೊತ್ತು, ಮಕ್ಕಳು ಬದುಕಿದ್ದಾರೆಂದು ಗೊತ್ತು. ಆದರೆ ನೀವು ನೀವೇ. ನೀವು ಬೇರೆ ಸಮಯದಲ್ಲಿ ಹೇಳಿದ್ದನ್ನೆಲ್ಲ ಊರು ನಂಬಿದೆ, ಇದನ್ನೇಕೆ ನಂಬಬಾರದು? ನಿಮ್ಮ ಮೇಲೆ ಜನ ಇಟ್ಟ ಇಷ್ಟು ದೊಡ್ಡ ವಿಶ್ವಾಸಕ್ಕೆ ನೀವು ತಕ್ಕವರೇ ಎಂದು ನಾನು ಕೇಳುವುದಿಲ್ಲ. ಅದು ಕ್ರೂರವಾದೀತು.

“ನಾನು ಅಂದದ್ದು ನಟನೆ” ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನೀವು ಸಭೆ ಕರೆದಿರಿ. ಅದನ್ನು ವಿಚಾರಣೆ ಎಂದಿರಿ. ಎದ್ದವರೆಲ್ಲ ಕಂತಿನ ವಿಮರ್ಶೆ ಮಾಡಿದರು, ನೀವು ಗಂಭೀರವಾಗಿ ಬರೆದುಕೊಂಡಿರಿ. ನನ್ನ ಪರವಾಗಿ ಎದ್ದವರು ಪಾಲಕರಲ್ಲಿ ಮಹಬೂಬಸಾಬರು ಒಬ್ಬರೇ. “ನೋಡ್ರಿ ಸಾಹೇಬ್ರ, ಮೊದಲರ್ಧ ಅಗದಿ ಚಲೋ ಐತಿ. ಕಡೀಕ ಕೆಡಿಸ್ಯಾರ. ಅಡಿಗಿಯಾಕಿ ವಿಷ ಹಾಕ್ಯಾಳ ಅನ್ನೂದು ನನಗ ಒಪ್ಪಿಗಿಲ್ಲ. ನನ್ನ ಸಂಶೆ ಪೂರಾ ಹೆಡ್ ಮಾಸ್ತರ ಮ್ಯಾಲ ಐತಿ” ಎಂದರು. ನಮ್ಮ ನಿಜವಾದ ಮುಖ್ಯೋಪಾಧ್ಯಾಯರಾದ ಪ್ರಭಂಜನ ಸರ್ ಕುರ್ಚಿಯಿಂದ ನೆಗೆದು, “ನನ್ನ ಯಾಕ ನಡುವ ತರ್ತೀರಿ? ನಾ ಆ ಕಂತು ನೋಡೇ ಇಲ್ರಿ!” ಎಂದು ಬೆವರು ಒರೆಸಿಕೊಂಡರು. ಹಿಂದಿನ ಸಾಲಿನಿಂದ ಒಬ್ಬಾಕೆ, “ಆಕಿ ಅಳೂದು ಖರೇ ಅನಸ್ತು, ಪಾಪ” ಎಂದಳು. ಆಕೆ ನಟಿಯ ಬಗ್ಗೆ ಹೇಳುತ್ತಿದ್ದಳು. ನಾನೂ ಅಲ್ಲೇ ಕಂಬಕ್ಕೆ ಒರಗಿ ಅಳುತ್ತಿದ್ದೆ, ನನ್ನ ಅಳುವಿನ ಬಗ್ಗೆ ಯಾರೂ ಅಭಿಪ್ರಾಯ ಕೊಡಲಿಲ್ಲ.

ಕೊನೆಗೆ ಶಾಲಾ ಸಮಿತಿಯ ಅಧ್ಯಕ್ಷರಾದ ಪುಂಡಲೀಕ ಅವರು ಎದ್ದರು. “ಧಾರಾವಾಹಿ ಸುಳ್ಳ ಇರಬಹುದ್ರಿ. ಆದರ ಮಕ್ಕಳ ಮನಸಿನ್ಯಾಗ ಸಂಶೆ ಹೊಕ್ಕೈತಿ. ಬ್ಯಾರೇದವರನ್ನ ಹಾಕ್ರಿ. ನಮ್ಮ ಓಣ್ಯಾಗ ಚಲೋ ಅಡಿಗಿ ಮಾಡಾವ್ರು ಅದಾರ.”

ನಮ್ಮ ಓಣಿ. ಎಷ್ಟು ಹಗುರಾದ ಮಾತು! ನಾನು ಕೆಲಸಕ್ಕೆ ಸೇರಿದ ವರ್ಷ ಆ ಓಣಿಯ ಮಕ್ಕಳೆಲ್ಲ ಮನೆಯಿಂದ ಡಬ್ಬಿ ತರುತ್ತಿದ್ದರು. ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದರು. ಇಡೀ ಓಣಿಗೆ ಒಟ್ಟಿಗೆ ಹೊಟ್ಟೆನೋವು. ಆಗ ನಾನು ಜಗಳವಾಡಲಿಲ್ಲ, ಚೆನ್ನಾಗಿ ಅಡುಗೆ ಮಾಡಿದೆ. ಒಗ್ಗರಣೆಯ ವಾಸನೆಗೆ ಸೋತು ಮಕ್ಕಳು ಒಬ್ಬೊಬ್ಬರಾಗಿ ಡಬ್ಬಿ ಬಿಟ್ಟರು, ದೊಡ್ಡವರು ನೋಡಿಯೂ ನೋಡದಂತೆ ಇದ್ದರು. ಈಗ ಅದೇ ಓಣಿ, ಅದೇ ಡಬ್ಬಿ. ಇವಳ ಜಾತಿಯ ಕಾರಣಕ್ಕೆ ಉಣ್ಣುವುದಿಲ್ಲ ಎಂದರೆ ಪೊಲೀಸರು ಬರುತ್ತಾರೆ. ಕಂತಿನ ಕಾರಣಕ್ಕೆ ಉಣ್ಣುವುದಿಲ್ಲ ಎಂದರೆ ನಿಮ್ಮ ಆದೇಶ ಬರುತ್ತದೆ. ಇಷ್ಟು ಅನುಕೂಲದ ಧಾರಾವಾಹಿ ನಮ್ಮೂರಿಗೆ ಹಿಂದೆ ಬಂದಿರಲಿಲ್ಲ. ಮಲ್ಲಕ್ಕನ ಭಯ ಭಯವೇ, ಅದನ್ನು ನಾನು ಕ್ಷಮಿಸಬಲ್ಲೆ. ಪುಂಡಲೀಕ ಅವರಿಗೆ ಭಯವೇನೂ ಇರಲಿಲ್ಲ, ಅವರಿಗೆ ಸಂತೋಷವಾಗಿತ್ತು. ನೀವು ಎರಡನ್ನೂ ಒಟ್ಟಿಗೆ ಕಲಸಿ ಮಿಶ್ರ ಅಭಿಪ್ರಾಯ ಎಂದು ಬರೆದಿರಿ.

ಮೊನ್ನೆ ಗಂಗಪ್ಪನ ಕಿರಾಣಿ ಅಂಗಡಿಯಲ್ಲಿ ಇಲಿ ಔಷಧ ಕೇಳಿದೆ. ಜೋಳದ ಚೀಲಕ್ಕೆ ಇಲಿ ಬಿದ್ದಿತ್ತು. ಅಂಗಡಿ ತುಂಬ ಜನ. ಎಲ್ಲರೂ ನನ್ನತ್ತ ತಿರುಗಿದರು. “ನಿನಗ ಕೊಡಂಗಿಲ್ಲವಾ, ನಾಳೆ ನನ್ನೂ ಟೀವ್ಯಾಗ ತೋರ್ಸ್ಯಾರು” ಎಂದ ಗಂಗಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ? ಇಲಿಗಳು ಈಗ ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಉಣ್ಣುತ್ತಿವೆ. ನನ್ನ ಕೈಯ ಅನ್ನವನ್ನು ಸಂಶಯವಿಲ್ಲದೆ ತಿನ್ನುವವರು ಸದ್ಯಕ್ಕೆ ಅವುಗಳೇ.

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶ ಹಿಂತೆಗೆದುಕೊಳ್ಳಿ. ನಾನು ಮತ್ತೆ ಒಲೆ ಹೊತ್ತಿಸುವ ಮೊದಲ ದಿನ ನೀವು ಶಾಲೆಗೆ ಬನ್ನಿ. ಭಾಷಣ ಬೇಡ, ಹಾರ ಬೇಡ. ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕುಳಿತು ನಾನು ಬಡಿಸಿದ್ದನ್ನು ಊರೆಲ್ಲ ನೋಡುವಂತೆ ಉಣ್ಣಿ. ನೀವು ಉಂಡರೆ ಊರು ಉಣ್ಣುತ್ತದೆ.

ಇದು ನಿಮಗೆ ಕಷ್ಟವೆಂದು ನನಗೆ ಗೊತ್ತು. ಏಕೆಂದರೆ ನೀವು ತಪಾಸಣೆಗೆ ಬಂದಾಗಲೆಲ್ಲ ನಾನು ತಾಟು ತಂದಿಟ್ಟಿದ್ದೇನೆ. ಸೋಮವಾರ ಬಂದರೆ, “ಇವತ್ತ ಸೋಮಾರ, ಒಪ್ಪತ್ತು” ಎನ್ನುತ್ತಿದ್ದಿರಿ. ಗುರುವಾರ ಬಂದರೆ ಗುರುವಾರದ ಒಪ್ಪತ್ತು. ತಾಟು ಮುಟ್ಟದೆ “ರುಚಿ ಉತ್ತಮ” ಎಂದು ಸಹಿ ಮಾಡಿ, ಪುಂಡಲೀಕ ಅವರ ಮನೆಗೆ ನಡೆದು ಹೋಳಿಗೆ ಊಟ ಮುಗಿಸಿ ಜೀಪು ಹತ್ತುತ್ತಿದ್ದಿರಿ. ಬಡಿಸಿದವರೇ ಮರುದಿನ ಬಾವಿಕಟ್ಟೆಯಲ್ಲಿ ನಿಮ್ಮ ಹಸಿವನ್ನು ಹೊಗಳುತ್ತಿದ್ದರು. ಆಗ ಯಾವ ಧಾರಾವಾಹಿಯೂ ಬಂದಿರಲಿಲ್ಲ, ಮಾನ್ಯರೇ. ಆಗ ನನ್ನ ಸಾರಿನಲ್ಲಿ ನಿಮಗೆ ಕಂಡ ವಿಷ ಯಾವುದು?

ಇಂತಿ,
ನೀವು ರುಚಿ ನೋಡದೆ ಉತ್ತಮ ಎಂದು ಬರೆದ ಸಾರು ಮಾಡಿದವಳು,
ಶಿವಗಂಗಾ